ಬೇಲಿ ಮತ್ತು ದಣಪೆ ದುರಸ್ತಿ

ಮನೆಯ ಅಂಗಳ, ಹಿತ್ತಲುಗಳ ಬೇಲಿಯನ್ನೂ ಅದರ ಬಾಗಿಲನ್ನೂ ಸರಿಪಡಿಸುವ ಕೆಲಸ. ಮಲೆನಾಡಿನಲ್ಲಿ ಇದಕ್ಕೆ ತಕ್ಕ ಕಾಲ ಮುಂಗಾರಿಗೆ ಮುಂಚಿನ ದಿನಗಳು.

ಮರದ ಗೂಟ ಮೊದಲು ಕೆಡುವುದು ನೆಲಮಟ್ಟದಲ್ಲಿ. ಅಲ್ಲಿ ತೇವವೂ ಗಾಳಿಯೂ ಒಟ್ಟಿಗೆ ಸಿಗುವುದರಿಂದ ಶಿಲೀಂಧ್ರ ಬೆಳೆದು ಮರ ಕುಂಬಾಗುತ್ತದೆ, ಗೆದ್ದಲೂ ಹತ್ತುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಗೂಟವನ್ನೂ ಬುಡದಲ್ಲಿ ಕತ್ತಿಯ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆ ಸಲೀಸಾಗಿ ಇಳಿದರೆ ಗೂಟ ಬದಲಿಸುವುದೇ ಸರಿ; ಪಕ್ಕಕ್ಕೆ ಆಸರೆ ಕಟ್ಟುವುದು ಬರೀ ತೇಪೆ. ಹಾಲುವಾಣ, ಗ್ಲಿರಿಸಿಡಿಯಾಗಳ ಬಲಿತ ರೆಂಬೆಯನ್ನು ಮಳೆಯ ಆರಂಭಕ್ಕೆ ನೆಟ್ಟರೆ ಬೇರು ಬಿಟ್ಟು ಚಿಗುರುತ್ತದೆ. ಸತ್ತ ಗೂಟಕ್ಕಿಂತ ಇದು ಎಷ್ಟೋ ಮೇಲು. ಸವರಿದ ಸೊಪ್ಪು ತೋಟಕ್ಕೆ ಗೊಬ್ಬರವೂ ಆಗುತ್ತದೆ.

ದಣಪೆಯೆಂದರೆ ಎರಡು ಕಂಬಗಳ ತೂತುಗಳಲ್ಲಿ ಅಡ್ಡಗಳುಗಳನ್ನು ತೂರಿಸಿದ ಬಾಗಿಲು. ದಿನವೂ ಎಳೆದು ತಳ್ಳಿ ಗಳುವಿನ ತುದಿ ಸವೆಯುತ್ತದೆ. ದನ ಕೊಂಬಿನಿಂದ ನೂಕಿದರೆ ಜಾರಿಬಿಡುತ್ತದೆ. ಸವೆದ ಗಳುವಿನ ಬದಲಿಗೆ ಬಲಿತ ಬಿದಿರನ್ನೇ ಆರಿಸಬೇಕು. ಪಿಷ್ಟ ಹೆಚ್ಚಿರುವ ಬಿದಿರನ್ನು ಹುಳು ಬೇಗ ಕೊರೆದು ಪುಡಿ ಉದುರಿಸುತ್ತದೆ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ಕಡಿಮೆಯಾಗಿ ಬಾಳಿಕೆ ಹೆಚ್ಚುತ್ತದೆ.

ಕಬ್ಬಿಣದ ಗೇಟು ನೆಲಕ್ಕೆ ಉಜ್ಜುತ್ತಿದ್ದರೆ ಕೆಳಗಂಚನ್ನು ಕತ್ತರಿಸಬಾರದು. ಹಿಂಜ್ ಸವೆದಿದೆಯೋ, ಕಂಬವೇ ವಾಲಿದೆಯೋ ಮೊದಲು ನೋಡಬೇಕು. ತುಕ್ಕನ್ನು ಉಪ್ಪುಕಾಗದದಿಂದ ಪೂರ್ತಿ ತಿಕ್ಕಿ ತೆಗೆದು ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಬಣ್ಣ ಹಚ್ಚುತ್ತಾರೆ. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಕೆಲಸ ಪದೇಪದೇ ಬೀಳುತ್ತದೆ.