ಡಂಪರಿನ ಬಲ, ಗೇರ್‌ಬಾಕ್ಸಿನ ಆಯುಸ್ಸು

ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲಿನಲ್ಲಿ ಒಂದು ಪಾಲು ತೆಲಂಗಾಣದ ಸಿಂಗರೇಣಿಯದು. ಆ ಗಣಿಗಳ ಚರಿತ್ರೆ ಹಳೆಯ ಹೈದರಾಬಾದ್ ಸಂಸ್ಥಾನದ ಚರಿತ್ರೆಯೂ ಹೌದು. 1886ರಲ್ಲಿ ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಹುಟ್ಟಿತು. 1920ರಲ್ಲಿ ಅದು ಸಿಂಗರೇಣಿ ಕಾಲರೀಸ್ ಆಯಿತು. 1945ರಲ್ಲಿ ಅದರ ಬಹುಪಾಲು ಷೇರುಗಳನ್ನು ನಿಜಾಮ್ ಸರ್ಕಾರ ಕೊಂಡಿತು. ಬಹುಕಾಲ ಅಲ್ಲಿ ಕಲ್ಲಿದ್ದಲನ್ನು ನೆಲದಡಿಯ ಸುರಂಗಗಳಿಂದಲೇ ತೆಗೆಯುತ್ತಿದ್ದರು. 1970ರ ದಶಕದಲ್ಲಿ ಬಯಲು ಗಣಿಗಳು ಶುರುವಾದವು. ಅವುಗಳ ಜೊತೆ ಡಂಪರ್ ಎಂಬ ದೈತ್ಯ ಲಾರಿಯೂ ಬಂತು.

ಬೆಮೆಲ್ ಸಂಸ್ಥೆ 1984ರಲ್ಲಿ ಮೈಸೂರಿನಲ್ಲಿ ಡಂಪರ್ ಕಾರ್ಖಾನೆ ತೆರೆಯಿತು. ಇಂಥ ಲಾರಿಗಳಿಗೆ ಕ್ಲಚ್ ಪೆಡಲ್ ಇರುವುದಿಲ್ಲ, ಗೇರ್ ತಾನೇ ಬದಲಾಗುತ್ತದೆ. ಎಂಜಿನ್ನಿಗೂ ಗೇರುಗಳಿಗೂ ನಡುವೆ ಎಣ್ಣೆಯ ಹರಿವಿನಿಂದ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದನ್ನು ರೂಪಿಸಿದ್ದು ಹಡಗುಗಳಿಗಾಗಿ. ಲಾರಿ ನಿಂತಲ್ಲಿಂದ ಹೊರಡುವಾಗ ಇದು ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು ಇಮ್ಮಡಿ ಮಾಡುತ್ತದೆ.

ತೊಡಕೂ ಇಲ್ಲೇ ಇದೆ. ಹಳೆಯ ಡಂಪರಿಗೆ ಹೆಚ್ಚು ಟಾರ್ಕಿನ ಎಂಜಿನ್ ಕೂರಿಸಿದರೆ, ಹೆಚ್ಚಾದ ಟಾರ್ಕ್ ಕೂಡ ಇಮ್ಮಡಿಯಾಗಿಯೇ ಗೇರುಗಳ ಮೇಲೆ ಬೀಳುತ್ತದೆ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಮಂಡಿಸಿದ ಸೂತ್ರದಂತೆ, ಬಾಲ್ ಬೇರಿಂಗಿನ ಆಯುಸ್ಸು ಭಾರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಭಾರ 20% ಏರಿದರೆ ಆಯುಸ್ಸು 58%ಕ್ಕೆ ಕುಸಿಯುತ್ತದೆ. ಗೇರ್‌ಬಾಕ್ಸಿನೊಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಎಣ್ಣೆಯ ಒತ್ತಡವೋ ಹಳೆಯ ಟಾರ್ಕಿಗೆ ಲೆಕ್ಕ ಹಾಕಿದ್ದು. ಅದು ಸಾಲದಾದಾಗ ಪ್ಲೇಟುಗಳು ಜಾರಿ ಬಿಸಿಯಾಗುತ್ತವೆ, ಎಣ್ಣೆ ಕೆಡುತ್ತದೆ. ಗಣಿ ರಸ್ತೆಯ ಏರು ಸಾಮಾನ್ಯವಾಗಿ 16ಕ್ಕೆ 1ನ್ನು ಮೀರಬಾರದೆಂಬ ನಿಯಮವಿದೆ. ಅಷ್ಟೇ ಏರಿನಲ್ಲೂ, ತುಂಬಿದ ಡಂಪರ್ ನಿಧಾನವಾಗಿ ಹತ್ತುವಾಗ ಆ ಬಿಸಿ ಆರಲು ಬಿಡುವೇ ಸಿಗದು.

ಹಾಗೆಂದು ಬಲ ಹೆಚ್ಚಿಸುವುದೇ ತಪ್ಪಲ್ಲ. ಟಾರ್ಕ್ ಅಷ್ಟೇ ಇದ್ದು ಸುತ್ತುವ ವೇಗದಿಂದ ಅಶ್ವಶಕ್ತಿ ಏರಿದರೆ ಹಲ್ಲುಗಳ ಮೇಲಿನ ಭಾರ ಹೆಚ್ಚುವುದಿಲ್ಲ. ಹೊರೆ ಹಿಂದಿನಷ್ಟೇ ಇದ್ದು ಲಾರಿ ಬೇಗ ವೇಗ ಪಡೆದರೆ, ಕನ್ವರ್ಟರ್ ಬೇಗ ಲಾಕ್ ಆಗಿ ಬಿಸಿ ಕಡಿಮೆಯೂ ಆದೀತು. ಸಿಕ್ಕ ಬಲವನ್ನು ಇನ್ನಷ್ಟು ಹೊರೆ ತುಂಬಲು ಸಿಕ್ಕ ಅನುಮತಿ ಎಂದುಕೊಂಡಾಗಲೇ ಗೇರ್‌ಬಾಕ್ಸ್ ಸೋಲುವುದು.

ತೀರಾ ದೊಡ್ಡ ಡಂಪರುಗಳಲ್ಲಿ ಹಲವು ತಯಾರಕರು ಗೇರ್‌ಬಾಕ್ಸನ್ನೇ ಕೈಬಿಟ್ಟರು. ಬೆಮೆಲ್‌ನ 205 ಟನ್ ಡಂಪರಿನಲ್ಲಿ ಡೀಸೆಲ್ ಎಂಜಿನ್ ವಿದ್ಯುತ್ ತಯಾರಿಸುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಉಳಿದವುಗಳಲ್ಲಿ ಎಂಜಿನ್ ಬದಲಿಸುವ ಮುನ್ನ ಗೇರ್‌ಬಾಕ್ಸಿನ ಟಾರ್ಕ್ ಮಿತಿಯನ್ನೂ ಎಣ್ಣೆ ತಂಪಾಗಿಸುವ ಕೂಲರನ್ನೂ ನೋಡಲೇಬೇಕು. ಒಂದು ಗೇರ್‌ಬಾಕ್ಸ್ ಕೆಟ್ಟರೆ ಡಂಪರ್ ನಿಲ್ಲುತ್ತದೆ, ಕಲ್ಲಿದ್ದಲಿನ ಮೇಲಿನ ಮಣ್ಣು ಸರಿಯುವುದಿಲ್ಲ. ಆ ಕಲ್ಲಿದ್ದಲಿಗಾಗಿ ದೂರದ ಶಕ್ತಿನಗರದ ಬಾಯ್ಲರುಗಳು ಕಾಯುತ್ತಿರುತ್ತವೆ.