ಆನೆಗೆ ಮನುಷ್ಯರು ನಾಯಿಮರಿಗಳಂತೆ ಮುದ್ದಾಗಿ ಕಾಣುತ್ತಾರೆಯೇ?

ನಾಯಿಮರಿ ಕಂಡರೆ ನಮಗೆ ಮುದ್ದು ಬರುವಂತೆ, ಮನುಷ್ಯರನ್ನು ಕಂಡರೆ ಆನೆಗೂ ಮುದ್ದು ಬರುತ್ತದೆ, ಮೆದುಳಿನ ಸ್ಕ್ಯಾನ್‌ನಲ್ಲಿ ಇದು ಸಾಬೀತಾಗಿದೆ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು.

ಇದು ನಿಜವೇ?
ಅಲ್ಲ. ಅಂಥ ಸ್ಕ್ಯಾನ್ ನಡೆದೇ ಇಲ್ಲ. ಎಚ್ಚರವಿರುವ ದೊಡ್ಡ ಆನೆಯನ್ನು ಅಲುಗಾಡದಂತೆ ಮಲಗಿಸಬಲ್ಲ ಎಂಆರ್‌ಐ ಯಂತ್ರವೇ ಇಲ್ಲ.

ಹಾಗಾದರೆ ಆನೆ ನಮ್ಮನ್ನು ಹೇಗೆ ಗುರುತಿಸುತ್ತದೆ?
ಅನುಭವದಿಂದ. ಕೀನ್ಯಾದ ಅಂಬೋಸೆಲಿಯಲ್ಲಿ ಮಸಾಯಿ ಗಂಡಸರು ಆನೆಗಳನ್ನು ಭರ್ಜಿಯಿಂದ ತಿವಿಯುವುದುಂಟು. ಬೇಸಾಯಗಾರರಾದ ಕಂಬಾ ಜನರಿಂದ ಅಷ್ಟು ಅಪಾಯವಿಲ್ಲ. ಮಸಾಯಿಗಳು ತೊಟ್ಟ ಬಟ್ಟೆಯ ವಾಸನೆ ಬಂದಾಗ ಆನೆಗಳು ಹೆಚ್ಚು ದೂರ ಓಡಿದವು ಎಂದು 2007ರ ಅಧ್ಯಯನ ತೋರಿಸಿತು. 2014ರ ಅಧ್ಯಯನದಲ್ಲಿ ಮಸಾಯಿ ಗಂಡಸರ ದನಿ ಕೇಳಿ ಒತ್ತೊತ್ತಾಗಿ ಗುಂಪುಗೂಡಿದವು. ಮಸಾಯಿ ಹೆಂಗಸರ, ಹುಡುಗರ ದನಿಗೆ ಅಷ್ಟು ಬೆದರಲಿಲ್ಲ. ಅಂದರೆ ಆನೆಯ ಮನಸ್ಸಿನಲ್ಲಿ 'ಮನುಷ್ಯ' ಎಂಬ ಒಂದೇ ಚಿತ್ರವಿಲ್ಲ. ಯಾರು ಅಪಾಯ, ಯಾರು ಅಲ್ಲ ಎಂಬ ಲೆಕ್ಕವಿದೆ.

ನಮ್ಮಲ್ಲಿ?
ಎಚ್.ಡಿ. ಕೋಟೆಯ ಬಳ್ಳೆ ಶಿಬಿರದಲ್ಲಿ ಆನೆ ಪಳಗಿರುವುದು ತನ್ನ ಮಾವುತ, ಕಾವಾಡಿಗೆ. ಅಪರಿಚಿತರಿಗೆ ಆ ಸಲುಗೆ ಸಿಗುತ್ತದೆ ಎನ್ನಲಾಗದು. ಇನ್ನು ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹೊಲಗಳಿಂದ ಪಟಾಕಿ ಸಿಡಿಸಿ ಓಡಿಸಿದ ಕಾಡಾನೆಗೆ ನಾವು ಮುದ್ದಾಗಿ ಕಾಣುವುದೆಂತು?

ನೆನಪಿಡಿ
ಸುಮ್ಮನೆ ನಿಂತ ಆನೆ ಪ್ರೀತಿಯಿಂದ ನೋಡುತ್ತಿದೆ ಎನ್ನುವುದು ನಮ್ಮ ಮನಸ್ಸು ಬರೆದುಕೊಂಡ ಚಿತ್ರ. ಅದನ್ನು ನಂಬಿ ನಾಗರಹೊಳೆಯ ರಸ್ತೆಯಲ್ಲಿ ಸೆಲ್ಫಿಗಾಗಿ ಗಾಡಿಯಿಂದ ಇಳಿದರೆ ಜೀವಕ್ಕೇ ಕುತ್ತು. ಈ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸಬೇಡಿ.