ನೆಬ್ರಾಸ್ಕದ ಉಪಾಧ್ಯಾಯನೂ ಜರ್ಮನ್ ನುಡಿಯೂ

ಅಮೆರಿಕದ ಸಂಯುಕ್ತ ಸಂಸ್ಥಾನವು ಆದಿಯಿಂದಲೂ ಇಂಗ್ಲಿಷ್ ನುಡಿಯ ನಾಡೆಂದೇ ನಮ್ಮಲ್ಲಿ ಬಹುಜನರ ಭಾವನೆ. ಆದರೆ ಆ ನೆಲದಲ್ಲಿ ಜರ್ಮನ್ ಭಾಷೆಯೂ ಬಹು ಹಿಂದೆಯೇ ಬೇರೂರಿದ್ದಿತು. 1683ರಲ್ಲಿ ಕ್ರೆಫೆಲ್ಡ್ ಪಟ್ಟಣದ ಹದಿಮೂರು ಕುಟುಂಬಗಳು ಕಡಲನ್ನು ದಾಟಿ ಬಂದು, ಫಿಲಡೆಲ್ಫಿಯದ ಬಳಿ ಜರ್ಮನ್‌ಟೌನ್ ಎಂಬ ಊರಿನಲ್ಲಿ ನೆಲಸಿದುವು. ಅಲ್ಲಿಯೇ 1743ರಲ್ಲಿ ಕ್ರಿಸ್ಟೋಫರ್ ಸೌರ್ ಎಂಬ ಮುದ್ರಕನು ಜರ್ಮನ್ ಬೈಬಲನ್ನು ಅಚ್ಚುಹಾಕಿದನು. 1776ರಲ್ಲಿ ಸ್ವಾತಂತ್ರ್ಯ ಘೋಷಣೆಯು ಅಂಗೀಕೃತವಾದ ವಾರ್ತೆಯನ್ನು ಮರುದಿನವೇ ಪ್ರಕಟಿಸಿದುದೂ ಫಿಲಡೆಲ್ಫಿಯದ ಒಂದು ಜರ್ಮನ್ ಪತ್ರಿಕೆಯೇ. 19ನೆಯ ಶತಮಾನದಲ್ಲಿ ಲಕ್ಷಾಂತರ ಜರ್ಮನರು ಬಂದು ಪಶ್ಚಿಮದ ಬಯಲುಸೀಮೆಯವರೆಗೂ ಒಕ್ಕಲಾದರು. ಅನೇಕ ಊರುಗಳಲ್ಲಿ ಚರ್ಚಿನ ಮಗ್ಗುಲಿಗೇ ಒಂದು ಜರ್ಮನ್ ಶಾಲೆಯಿರುತ್ತಿದ್ದಿತು.

1917ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧವನ್ನು ಸಾರಿದೊಡನೆಯೇ ಆ ನುಡಿಗೆ ಗ್ರಹಣ ಹಿಡಿಯಿತು. ಮರುವರ್ಷ ಅಯೋವ ಪ್ರಾಂತದ ಗವರ್ನರನು, ಸಾರ್ವಜನಿಕ ಸ್ಥಳಗಳಲ್ಲಾಗಲಿ ಟೆಲಿಫೋನಿನಲ್ಲಾಗಲಿ ಇಂಗ್ಲಿಷನ್ನಲ್ಲದೆ ಬೇರೆ ಮಾತನ್ನು ಆಡಕೂಡದೆಂದು ಅಪ್ಪಣೆ ಹೊರಡಿಸಿದನು. ಯುದ್ಧವು ನಿಂತರೂ ದ್ವೇಷವು ನಿಲ್ಲಲಿಲ್ಲ. ಎಂಟನೆಯ ತರಗತಿಯು ಮುಗಿಯುವವರೆಗೆ ಮಕ್ಕಳಿಗೆ ಅನ್ಯಭಾಷೆಯನ್ನು ಕಲಿಸಕೂಡದೆಂದು ನೆಬ್ರಾಸ್ಕ ಪ್ರಾಂತವು 1919ರಲ್ಲಿ ಶಾಸನ ಮಾಡಿತು. ಲ್ಯಾಟಿನ್, ಗ್ರೀಕ್, ಹೀಬ್ರೂಗಳಂತಹ ಮೃತಭಾಷೆಗಳಿಗೆ ಈ ನಿಷೇಧವಿಲ್ಲವೆಂದು ಆ ಪ್ರಾಂತದ ನ್ಯಾಯಾಲಯವು ಅರ್ಥೈಸಿತು. ಪಾಠಶಾಲೆಯಲ್ಲಿ ಸಂಸ್ಕೃತವನ್ನೋದಿದ ನನಗೆ ಇದನ್ನು ತಿಳಿದಾಗ ನಗುವೂ ವ್ಯಥೆಯೂ ಒಟ್ಟಿಗೇ ಬಂದುವು. ಭಾಷೆಯು ಸತ್ತರೆ ನಿರಪಾಯವೆಂದಾಯಿತಲ್ಲ!

ಆ ಪ್ರಾಂತದ ಹ್ಯಾಂಪ್ಟನ್ ಎಂಬ ಊರಿನ ಬಳಿ, ಲೂಥರನ ಪಂಥದ ಶಾಲೆಯೊಂದರಲ್ಲಿ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯನಿದ್ದನು. ಪಾಠದ ವೇಳೆಯಲ್ಲಿ ನಿಷೇಧವಿದ್ದುದರಿಂದ, ಮಧ್ಯಾಹ್ನದ ವಿರಾಮದಲ್ಲಿ ಮಕ್ಕಳಿಗೆ ಬೈಬಲಿನ ಕಥೆಗಳನ್ನು ಜರ್ಮನಿನಲ್ಲಿ ಓದಿಸುತ್ತಿದ್ದನು. 1920ನೆಯ ಮೇ 25ರಂದು ಹತ್ತು ವರ್ಷದ ಬಾಲಕನೊಬ್ಬನು ಓದುತ್ತಿರುವಾಗ ಸರಕಾರಿ ವಕೀಲನು ಕೊಠಡಿಯೊಳಕ್ಕೆ ಬಂದನು. ಆ ಕ್ಷಣದಲ್ಲಿ ಇಂಗ್ಲಿಷಿಗೆ ಹೊರಳಿದ್ದರೆ ಆಪತ್ತು ತಪ್ಪಬಹುದಾಗಿದ್ದಿತು. ಮೇಯರನು ಹೊರಳಲಿಲ್ಲ. ಇಪ್ಪತ್ತೈದು ಡಾಲರುಗಳ ದಂಡವಾಯಿತು. ತನಿಖಾಧಿಕಾರಿಯ ಬೂಟಿನ ಸಪ್ಪಳಕ್ಕೇ ಧ್ವನಿಯನ್ನು ತಗ್ಗಿಸುತ್ತಿದ್ದ ನನ್ನಂಥವರಿಗೆ ಆ ಧೈರ್ಯದ ಬೆಲೆ ತಿಳಿದೀತು.

ವ್ಯಾಜ್ಯವು ವಾಷಿಂಗ್ಟನಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1923ನೆಯ ಜೂನ್ 4ರಂದು ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಏಳು ಮಂದಿ ಮೇಯರನ ಪಕ್ಷವನ್ನು ಎತ್ತಿಹಿಡಿದರು. ಜರ್ಮನನ್ನು ಬಲ್ಲುದರಿಂದಲೇ ಕೇಡೇನೂ ಇಲ್ಲವೆಂದೂ, ಕಲಿಸುವುದು ಉಪಾಧ್ಯಾಯನ ಹಕ್ಕೆಂದೂ, ಅವನಿಂದ ಮಕ್ಕಳಿಗೆ ಕಲಿಸಿಕೊಳ್ಳುವುದು ತಂದೆತಾಯಿಗಳ ಹಕ್ಕೆಂದೂ ತೀರ್ಪಾಯಿತು. ಹೋಮ್ಸನಂತಹ ಪ್ರಾಜ್ಞನು ಭಿನ್ನಮತವನ್ನು ತಳೆದುದು ನನಗೆ ಇಂದಿಗೂ ಅಚ್ಚರಿಯೇ.

ಆದರೆ ಅಷ್ಟರೊಳಗೆ ಆಗಬಾರದುದು ಆಗಿಹೋಗಿದ್ದಿತು. 1915ರಲ್ಲಿ ಅಮೆರಿಕದ ಪ್ರೌಢಶಾಲೆಗಳ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಮೆ ನಾಲ್ವರಿಗೊಬ್ಬನು ಜರ್ಮನನ್ನು ಕಲಿಯುತ್ತಿದ್ದನು. 1922ರಲ್ಲಿ ನೂರಕ್ಕೊಬ್ಬನೂ ಇರಲಿಲ್ಲ. ಪೆನ್ಸಿಲ್ವೇನಿಯ, ಒಹಾಯೊ ಮೊದಲಾದ ಪ್ರಾಂತಗಳಲ್ಲಿ ಆಮಿಶ್ ಪಂಥದ ಒಕ್ಕಲುಮಕ್ಕಳು ಮಾತ್ರ ಇಂದಿಗೂ ಮನೆಯಲ್ಲಿ ತಮ್ಮ ಪೂರ್ವಜರ ಜರ್ಮನ್ ಆಡುನುಡಿಯನ್ನೇ ಆಡುತ್ತಾರೆ. ಇಂಗ್ಲಿಷನ್ನು ಶಾಲೆಗೆ ಹೋದಮೇಲೆ ಕಲಿಯುತ್ತಾರೆ.